ಕೂಗುವ ಪೆಟ್ಟಿಗೆ ಮತ್ತು ಎದುರುಮನೆಯ ಕದ

ಮೇ ತಿಂಗಳು ಹತ್ತಿರವಾಯಿತೆಂದರೆ ನಮ್ಮಂಥ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತವೆ. ಒಂದು, ಊರಿಗೆ ಹೋಗುವ ಗಾಡಿಯ ತಿಕೀಟು ಸಿಕ್ಕಿತೇ? ಇನ್ನೊಂದು, ನಾವು ಹೋದಮೇಲೆ ಇಲ್ಲಿಯ ಮನೆಯ ಗತಿಯೇನು? ಮೊದಲನೆಯ ಪ್ರಶ್ನೆಗೆ ಈಗ ಅಂಗೈಯೊಳಗಿನ ಮೊಬೈಲೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕುತ್ತ ನಾವು ಡೊಂಬಿವಲಿಯಲ್ಲಿ ನಲವತ್ತೆಂಟು ವರ್ಷ ಕಳೆದಿದ್ದೇವೆ. ಕಲ್ಯಾಣದಲ್ಲಿರಲಿ, ಥಾಣೆಯಲ್ಲಿರಲಿ, ನವಿ ಮುಂಬಯಿಯಲ್ಲಿರಲಿ, ಊರಿಗೆ ಹೊರಟ ಕನ್ನಡ ಸಂಸಾರ ರಿಕ್ಷಾ ಹತ್ತಿದ ಮೇಲೂ ಒಮ್ಮೆ ಇಳಿದು ಹೋಗಿ ಕೀಲಿ ಜಗ್ಗಿ ನೋಡಿ ಬರುವುದನ್ನು ಬಿಟ್ಟಿಲ್ಲ. ನಾವಂತೂ ಎರಡು ಸಲ ಜಗ್ಗುವವರು. ಅದಕ್ಕೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇವೆ.

2023ರ ದೀಪಾವಳಿಯ ಸುಮಾರಿಗೆ ನಮ್ಮ ಕಟ್ಟಡದ ಐದನೆಯ ಮಾಳಿಗೆಯಲ್ಲಿ ಕಳವಾಯಿತು. ಹಾಡಹಗಲು, ಮನೆಯವರು ಮದುವೆಗೆಂದು ಹೋಗಿದ್ದಾಗ. ಸುದ್ದಿ ಕೇಳಿದ ನಮ್ಮ ಮಗ ಖಾರಘರದಿಂದ ಫೋನು ಮಾಡಿದ. "ಅಪ್ಪಾ, ಇನ್ನ ಕೀಲಿ ನಂಬಿ ಕೂಡಬ್ಯಾಡ್ರಿ. ಮನೀಗೆ ಒಂದು ಅಲಾರಂ ಹಚ್ಚಿಸೋಣ. ವಾಯರು ಎಳೀಬೇಕಿಲ್ಲ, ಗ್ವಾಡಿ ಒಡೀಬೇಕಿಲ್ಲ" ಎಂದ. ನಮ್ಮ ಮನೆಯಾಕೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದವಳು, "ಕಳ್ಳರು ಒಯ್ಯಲಿಕ್ಕೆ ಈ ಮನ್ಯಾಗ ಇನ್ನೇನು ಉಳದದಂತ ಕೇಳ್ರಿ" ಎಂದಳು. ಆ ಮಾತಿನ ಹಿಂದೆ ಮೂವತ್ತಾರು ವರ್ಷದ ಹಳೆಯ ಸಂಕಟವೊಂದು ಇತ್ತು. ಮಗನಿಗೆ ಅದು ತಿಳಿಯದ್ದೇನಲ್ಲ. ಅವನು ಸುಮ್ಮನಾದ. ಆದರೆ 2024ರ ಏಪ್ರಿಲಿನಲ್ಲಿ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಿಂದ ರಟ್ಟಿನ ಡಬ್ಬಿಯೊಂದನ್ನು ತಂದು ನಮ್ಮ ಮೇಜಿನ ಮೇಲೆ ಇಟ್ಟೇಬಿಟ್ಟ.

ಡಬ್ಬಿಯೊಳಗೆ ಇದ್ದದ್ದು ಇಷ್ಟು: ಪಂಚಾಂಗದಷ್ಟು ದೊಡ್ಡದಾದ ಒಂದು ಬಿಳಿಯ ಪೆಟ್ಟಿಗೆ, ಕದಕ್ಕೆ ಹಚ್ಚುವ ಎರಡು ಜೋಡಿ ಸಣ್ಣ ತುಂಡುಗಳು, ಗೋಡೆಯ ಮೂಲೆಗೆ ಕೂಡಿಸುವ ಉಬ್ಬುಗಣ್ಣಿನ ಒಂದು ಯಂತ್ರ, ಕೀಲಿಗೊಂಚಲಿಗೆ ಸಿಕ್ಕಿಸುವ ಎರಡು ರಿಮೋಟು, ಮತ್ತು ಕೆಂಪು ದೀಪದ ಒಂದು ಭೋಂಗಾ. ಮಗ ಪೆಟ್ಟಿಗೆಯೊಳಗೆ ಒಂದು ಸಿಮ್ ಹಾಕಿ, ಓದಲಿಕ್ಕೆ ಒಂದು ಪುಸ್ತಿಕೆ ಕೊಟ್ಟು, ರಾತ್ರಿಯ ಗಾಡಿಗೆ ಹೋದ. ಹಚ್ಚುವ ಕೆಲಸ ನಮಗೂ ಕಲ್ಯಾಣದಲ್ಲಿರುವ ನಮ್ಮ ತಂಗಿಯ ಮಗನಿಗೂ ಬಿತ್ತು.

ಯಾವ ವಸ್ತುವನ್ನೂ ಅದರ ಒಳಗುಟ್ಟು ತಿಳಿಯದೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂಬುದು ನಮ್ಮ ತಂದೆಯವರ ಪಾಠ. ಹಾಗಾಗಿ ಪುಸ್ತಿಕೆಯನ್ನು ಓದಿದೆವು. ಸಾಲದ್ದಕ್ಕೆ ಹೊರಗಿನದನ್ನೂ ಓದಿದೆವು. ಓದುತ್ತ ಒಂದು ಸ್ವಾರಸ್ಯ ಸಿಕ್ಕಿತು. ಬೋರಿಬಂದರದಿಂದ ಥಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು, 34 ಕಿಲೋಮೀಟರು. ಮರುವರ್ಷ ಅದೇ ಹಳಿ ಕಲ್ಯಾಣಕ್ಕೆ ಬಂತು. ಆ ಹಳಿಯ ಮಗ್ಗುಲಲ್ಲೇ ಇಂದು ನಮ್ಮೆಲ್ಲರ ಬಿಡಾರಗಳಿವೆ. ಅದೇ 1853ರ ಜೂನ್ 21ರಂದು ಅಮೇರಿಕದ ಸಾಮರ್‌ವಿಲ್ ಎಂಬ ಊರಿನ ಆಗಸ್ಟಸ್ ಪೋಪ್ ಎನ್ನುವವರು ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟು ಪಡೆದರು. ಕದಕ್ಕೂ ಕಿಟಕಿಗೂ ತಂತಿ. ಕದ ತೆರೆದರೆ ವಿದ್ಯುತ್ತು ಹರಿದು ಹಿತ್ತಾಳೆಯ ಗಂಟೆಗೆ ಸುತ್ತಿಗೆ ಬಡಿಯುವುದು. ನಾಲ್ಕು ವರ್ಷಗಳ ಮೇಲೆ ಎಡ್ವಿನ್ ಹೋಮ್ಸ್ ಎಂಬವರು ಅದರ ಹಕ್ಕು ಕೊಂಡು ವ್ಯಾಪಾರಕ್ಕಿಳಿದರು. ಮನೆ ಬಿಟ್ಟು ದೂರ ಹೋಗುವ ಅನುಕೂಲವೂ, ಬಿಟ್ಟುಹೋದ ಮನೆಯ ಚಿಂತೆಗೊಂದು ಯಂತ್ರವೂ ಎರಡು ತಿಂಗಳ ಅಂತರದಲ್ಲಿ ಹುಟ್ಟಿದವು ಎಂದಾಯಿತು.

ನಮ್ಮ ಪೆಟ್ಟಿಗೆಗೆ ತಂತಿಯಿಲ್ಲ ಅಷ್ಟೆ, ಮೂಲತತ್ವ ಅದೇ. ಕದದ ಒಂದು ತುಂಡಿನಲ್ಲಿ ಅಯಸ್ಕಾಂತವಿದೆ. ಅದು ಕದಕ್ಕೆ. ಇನ್ನೊಂದು ತುಂಡು ಚೌಕಟ್ಟಿಗೆ. ಅದರೊಳಗಿನ ಗಾಜಿನ ಸಣ್ಣ ಕೊಳವೆಯಲ್ಲಿ ಕಬ್ಬಿಣದ ಎರಡು ತೆಳು ನಾಲಗೆಗಳಿವೆ. ಅಯಸ್ಕಾಂತ ಹತ್ತಿರವಿದ್ದರೆ ನಾಲಗೆಗಳು ಅಂಟಿಕೊಂಡಿರುತ್ತವೆ, ಕದ ತೆರೆದರೆ ಬಿಟ್ಟುಕೊಳ್ಳುತ್ತವೆ. ಬಿಟ್ಟುಕೊಂಡ ಕೂಡಲೆ ಆ ತುಂಡು ಪೆಟ್ಟಿಗೆಗೆ ರೇಡಿಯೋ ಅಲೆಯಲ್ಲಿ ಚಾಡಿ ಹೇಳುತ್ತದೆ. ಈ ನಾಲಗೆಯ ಗುಂಡಿಯನ್ನು 1936ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಎಲ್‌ವುಡ್ ಎಂಬ ಎಂಜಿನಿಯರು ಕಂಡುಹಿಡಿದರಂತೆ, ಟೆಲಿಫೋನಿನ ಕೆಲಸಕ್ಕಾಗಿ.

ಉಬ್ಬುಗಣ್ಣಿನ ಯಂತ್ರದ ಬಗೆ ಬೇರೆ. ಅದು ತಾನಾಗಿ ಏನನ್ನೂ ಬೀರುವುದಿಲ್ಲ. ಸುಮ್ಮನೆ ಕೂತು ಶಾಖವನ್ನು ನೋಡುತ್ತದೆ. ಅದರ ಮುಂದಿನ ಬಿಳಿಯ ಗಾಜಿನಂಥ ಹಾಳೆಯಲ್ಲಿ ಸಣ್ಣ ಸಣ್ಣ ಪಟ್ಟಿಗಳಿವೆ. ಅವು ಕೋಣೆಯನ್ನು ಬೀಸಣಿಗೆಯ ಎಲೆಗಳಂತೆ ಹಂಚುತ್ತವೆ. ಮನುಷ್ಯನ ಮೈಯ ಶಾಖ ಒಂದು ಎಲೆಯಿಂದ ಇನ್ನೊಂದಕ್ಕೆ ದಾಟಿದಾಗ ಯಂತ್ರಕ್ಕೆ ತಿಳಿಯುತ್ತದೆ. ಹೀಗಾಗಿ ನೇರ ಅದರ ಮುಖಕ್ಕೆ ನಡೆದು ಬರುವವನಿಗಿಂತ ಅಡ್ಡ ಹಾಯುವವನು ಬೇಗ ಸಿಕ್ಕುತ್ತಾನೆ. ಕಿಟಕಿಯ ಬಿಸಿಲು, ಗ್ಯಾಸಿನ ಒಲೆ, ಗಾಳಿಗೆ ಹಾರುವ ಪಡದೆ, ಇವುಗಳ ಎದುರಿಗೆ ಅದನ್ನು ಕೂಡಿಸಬಾರದು. ನೆಲದಿಂದ ಏಳಡಿ ಎತ್ತರದಲ್ಲಿ, ಬೈಠಕ್ ಕೋಣೆಯ ಮೂಲೆಯಲ್ಲಿ, ಮುಂಬಾಗಿಲಿನಿಂದ ಮಲಗುವ ಕೋಣೆಗೆ ಹೋಗುವವನು ಅಡ್ಡ ಹಾಯಲೇಬೇಕಾದಲ್ಲಿ ನಾವು ಅದನ್ನು ಕೂಡಿಸಿದೆವು.

ಇಷ್ಟು ಹೇಳಿದಷ್ಟು ಸುಲಭವಾಗಿ ಕೆಲಸ ಮುಗಿಯಲಿಲ್ಲ. ಮೊದಲು ಕದದ ತುಂಡನ್ನು ಹೊರಗಿನ ಕಬ್ಬಿಣದ ಸೇಫ್ಟಿ ಬಾಗಿಲಿಗೆ ಹಚ್ಚಿದೆವು. ಕಬ್ಬಿಣ ಅಯಸ್ಕಾಂತದ ಬಲವನ್ನು ತಾನೇ ಎಳೆದುಕೊಂಡು, ಕದ ಮುಚ್ಚಿದ್ದರೂ ತೆರೆದಿದೆ ಎಂದು ಪೆಟ್ಟಿಗೆ ಹಟ ಹಿಡಿಯಿತು. ಒಳಗಿನ ಕಟ್ಟಿಗೆಯ ಕದಕ್ಕೆ ಸಾಗಿಸಿದೆವು. ಎರಡು ತುಂಡುಗಳ ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಕದ ಉಬ್ಬಿ ಸರಿಯಾಗಿ ಕೂಡುವುದಿಲ್ಲವೆಂಬುದು ನಿಮಗೆ ಗೊತ್ತು. ಆದ್ದರಿಂದ ಸಂದನ್ನು ಇನ್ನೂ ಕಿರಿದು ಮಾಡಿದೆವು. ಆಮೇಲೆ ಪೆಟ್ಟಿಗೆಯನ್ನು ಮಲಗುವ ಕೋಣೆಯ ಕಬ್ಬಿಣದ ಕಪಾಟಿನ ಹಿಂದೆ ಅಡಗಿಸಿಟ್ಟೆವು, ಕಳ್ಳನಿಗೆ ಸಿಗಬಾರದೆಂದು. ಆಗ ಅದಕ್ಕೆ ಅಡಿಗೆಮನೆಯ ಕಿಟಕಿಯ ಮಾತು ಕೇಳಿಸದಾಯಿತು. ಈ ಯಂತ್ರಗಳು ಮಾತಾಡುವುದು 433 ಮೆಗಾಹರ್ಟ್ಸಿನ ಅಲೆಯಲ್ಲಿ. ಗೋಡೆಯೊಳಗಿನ ಸರಳು, ಕಬ್ಬಿಣದ ಕಪಾಟು ಇವೆಲ್ಲ ಆ ಅಲೆಯನ್ನು ತಡೆಯುತ್ತವೆ. ಕಡೆಗೆ ದೇವರ ಮಾಡದ ಮಗ್ಗುಲಲ್ಲಿ ಅದಕ್ಕೆ ಜಾಗ ಸಿಕ್ಕಿತು. ನಮ್ಮ ಮನೆಯಾಕೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಹಚ್ಚಿದಳು.

ಇನ್ನು ಪರೀಕ್ಷೆ. ಹಚ್ಚಿದ್ದು ಅರ್ಧ ಕೆಲಸ, ಪರೀಕ್ಷಿಸಿದ್ದೇ ಉಳಿದರ್ಧ ಎಂದು ಪುಸ್ತಿಕೆ ಹೇಳುತ್ತಿತ್ತು. ಕಳ್ಳನ ಪಾತ್ರ ನಮ್ಮದಾಯಿತು. ಭೋಂಗಾದ ತಂತಿ ಕಳಚಿಟ್ಟು, ಬರೀ ಕೆಂಪು ದೀಪ ನೋಡುವುದೆಂದು ನಿಶ್ಚಯ. ಎಪ್ಪತ್ತೈದರ ವಯಸ್ಸಿನಲ್ಲಿ ನಮ್ಮದೇ ಮನೆಯಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ನಡೆದೆವು, ದೀಪ ಹತ್ತಿತು. ಬಗ್ಗಿ ನಡೆದೆವು, ಹತ್ತಿತು. ತೆವಳಿದೆವು, ದೀಪ ಹತ್ತಿತು, ಆದರೆ ಮೊಣಕಾಲು ಹಿಡಿದು ನಾವು ಏಳದಾದೆವು. "ಖರೇ ಕಳ್ಳ ಬಂದ್ರ ಪೋಲೀಸರನ್ನ ಕರೀಬೇಕು, ಇವರಿಗೆ ಡಾಕ್ಟರನ್ನ ಕರೀಬೇಕಾತು" ಎಂದು ಮನೆಯಾಕೆ ಕೈಹಿಡಿದು ಎಬ್ಬಿಸಿದಳು. ಮಧ್ಯಾಹ್ನ ಮೂರರ ಸುಮಾರಿಗೆ ಫ್ಯಾನು ನಿಲ್ಲಿಸಿ ಮತ್ತೆ ನಡೆದರೆ ದೀಪ ತಡವರಿಸಿತು. ಯಂತ್ರ ಕೆಟ್ಟಿತೇ ಎಂದು ಗಾಬರಿಯಾದೆವು. ಅಳಿಯನೇ ಕಾರಣ ಹೇಳಿದ. ತಂಗಿಯ ಮಗ ನಮಗೆ ಅಳಿಯನೇ ತಾನೆ? ಡೊಂಬಿವಲಿಯ ಏಪ್ರಿಲಿನ ಸೆಕೆಯಲ್ಲಿ ಕೋಣೆಯ ಶಾಖವೂ ಮೈಯ ಶಾಖವೂ ಹೆಚ್ಚುಕಡಿಮೆ ಒಂದೇ ಆದಾಗ ಯಂತ್ರಕ್ಕೆ ಮನುಷ್ಯನೂ ಗೋಡೆಯೂ ಬೇರೆಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಅದರ ಸೂಕ್ಷ್ಮತೆಯನ್ನು ಒಂದು ಮೆಟ್ಟಿಲು ಏರಿಸಿದೆವು. ಏರಿಸಿದ ರಾತ್ರಿ ಎರಡು ಗಂಟೆಗೆ ಕೆಂಪು ದೀಪ ಹತ್ತಿ, ಬಡಿಗೆ ಹಿಡಿದು ಎದ್ದು ನೋಡಿದರೆ ಯಂತ್ರದ ಕಣ್ಣಿನ ಮೇಲೆಯೇ ಒಂದು ಹಲ್ಲಿ ಕೂತಿತ್ತು. ಒಂದು ಮೆಟ್ಟಿಲು ಇಳಿಸಿದೆವು.

ಮರುದಿನ ಫೋನಿನ ಪರೀಕ್ಷೆ. ಕಳ್ಳ ಬಂದರೆ ಪೆಟ್ಟಿಗೆ ತಾನಾಗಿ ಐದು ನಂಬರುಗಳಿಗೆ ಸಾಲಾಗಿ ಫೋನು ಮಾಡಬಲ್ಲುದು. ಮೂರು ನಂಬರು ತುಂಬಿದ್ದೆವು. ಕದ ತೆರೆದೆವು. ಮೊದಲ ಕರೆ ಮಗನಿಗೆ. ಅವನು ಐರೋಳಿಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದ. ಗೊತ್ತಿಲ್ಲದ ನಂಬರೆಂದು ಕರೆ ಕಡಿದುಹಾಕಿದ. ಎರಡನೆಯದು ಥಾಣೆಯ ಮಗಳಿಗೆ. ಅವಳು ಎತ್ತಿದಳು, ಪೀಂಯ್ ಎಂಬ ದನಿ ಕೇಳಿ ಹೆದರಿ ನಮಗೆ ಫೋನು ಮಾಡಿ, "ಅಪ್ಪಾ, ಏನಾತು? ನಾ ಈಗ ಹೊಂಟೆ" ಎಂದಳು. ಹೊರಟರೂ ಘೋಡಬಂದರ ರಸ್ತೆಯ ಗರ್ದಿ ದಾಟಿ ಥಾಣೆ ಸ್ಟೇಶನ್ನಿಗೆ ಬರಲಿಕ್ಕೇ ಅವಳಿಗೆ ಒಂದು ತಾಸು ಬೇಕು. ಮೂರನೆಯದು ಅಳಿಯನಿಗೆ. ಕಲ್ಯಾಣ ನಮಗೆ ಹತ್ತಿರ, ನಡುವೆ ಠಾಕುರ್ಲಿ ಒಂದೇ ಸ್ಟೇಶನ್ನು. ಆದರೆ ಅವನು ಆ ಹೊತ್ತಿಗೆ ಫೋರ್ಟಿನ ಆಫೀಸಿನಲ್ಲಿದ್ದ, 48 ಕಿಲೋಮೀಟರು ಆಚೆಗೆ. ಖಾರಘರದ ಮಗನೋ ಥಾಣೆಗೆ ಬಂದು ಗಾಡಿ ಬದಲಿಸಿ ಬರಬೇಕು. ಒಂದೂವರೆ ತಾಸಾದರೂ ಹಿಡಿಯುತ್ತದೆ.

ಚಹ ಕುಡಿಯುತ್ತ ಲೆಕ್ಕ ಹಾಕಿದೆವು. ಯಂತ್ರ ಸರಿಯಾಗಿ ಕೆಲಸ ಮಾಡುತ್ತದೆ. ಖಾರಘರಕ್ಕೂ ಥಾಣೆಗೂ ಕಲ್ಯಾಣಕ್ಕೂ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟುತ್ತದೆ. ಎಲ್ಲರಿಗೂ ಕೇಳುತ್ತದೆ, ಯಾರೂ ಬಂದು ಮುಟ್ಟಲಾರರು. ಕಳ್ಳನಿಗೆ ಬೇಕಾದದ್ದು ಹತ್ತು ನಿಮಿಷ. ಪೋಲೀಸರ 112 ಇದೆ, ನಿಜ. ಆದರೆ ನೋಡಿದವರು ಹೇಳಿದರೆ ತಾನೆ ಅವರಿಗೂ ಗೊತ್ತಾಗುವುದು? ಹಲ್ಲಿ ಬಂತೋ ಕಳ್ಳ ಬಂದನೋ ಎಂದು ಕದದ ಹತ್ತಿರ ಬಂದು ನೋಡಿ ಹೇಳಲಿಕ್ಕೆ ಒಬ್ಬ ಮನುಷ್ಯ ಬೇಕು. ನಾಲ್ಕನೆಯ ನಂಬರಿನ ಜಾಗ ಖಾಲಿ ಇತ್ತು. ನಾವಿಬ್ಬರೂ ಮಾತಾಡಲಿಲ್ಲ. ಇಬ್ಬರ ಮನಸ್ಸಿನಲ್ಲೂ ಬಂದದ್ದು ಒಂದೇ ಮನೆ.

ಈಗ ಆ ಹಳೆಯ ಸಂಗತಿ ಹೇಳಬೇಕು. 1976ರಲ್ಲಿ ಧಾರವಾಡದಿಂದ ಬಂದು ನಾವು ಡೊಂಬಿವಲಿ ಪೂರ್ವದಲ್ಲಿ ಬಿಡಾರ ಹೂಡಿದಾಗ ಇದೇ ಜಾಗದಲ್ಲಿ ಎರಡು ಮಾಳಿಗೆಯ ಹಳೆಯ ಕಟ್ಟಡವಿತ್ತು. ಮಾಳಿಗೆಗೆ ಒಂದು ಉದ್ದನೆಯ ಗ್ಯಾಲರಿ, ಗ್ಯಾಲರಿಗೆ ಸಾಲಾಗಿ ಆರು ಕದ. ಬೆಳಿಗ್ಗೆ ಹಾಲಿನವನಿಗೆಂದು ತೆರೆದ ಕದ ರಾತ್ರಿ ಮಲಗುವಾಗಲೇ ಮುಚ್ಚುತ್ತಿದ್ದುದು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕಾಕೂ ಇದ್ದರು, ಸಾತಾರದ ಕಡೆಯವರು. ನಮ್ಮಾಕೆಗೆ ಮರಾಠಿ ಕಲಿಸಿದವರು ಅವರು. ನಾವು ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಮನೆಯ ಕೀಲಿಕೈ ಅವರ ಕೈಗೆ. ಆಗ ಹಾದಿ ದೊಡ್ಡದು. ಕಲ್ಯಾಣದಲ್ಲಿ ರಾತ್ರಿಯ ಗಾಡಿ ಹತ್ತಿ, ಮೀರಜದಲ್ಲಿ ಇಳಿದು, ಮೀಟರ್‌ಗೇಜಿನ ಸಣ್ಣ ಗಾಡಿಗೆ ಟ್ರಂಕು ಸಾಗಿಸಿ ಧಾರವಾಡ ಮುಟ್ಟಬೇಕು. ಮನೆಯಲ್ಲಿ ಫೋನಿಲ್ಲ. ಒಂದು ತಿಂಗಳು ಹಿಂತಿರುಗಿ ನೋಡುತ್ತಿರಲಿಲ್ಲ. ಕಾಕೂ ದಿನಾ ಕದ ತೆರೆದು ತುಳಸಿಗೆ ನೀರು ಹಾಕಿ, ಸಂಜೆ ಒಂದು ದೀಪ ಹಚ್ಚಿ ಬರುತ್ತಿದ್ದರು.

1987ರ ಮೇ ತಿಂಗಳಲ್ಲಿ ನಾವು ಮರಳಿ ಬಂದಾಗ ಕಪಾಟು ತೆರೆದಿತ್ತು. ನಮ್ಮ ತಾಯಿಯವರು ಸೊಸೆಗೆ ಹಾಕಿದ ಪಾಟಲಿ, ಬೋರಮಾಳ ಸರ, ಬೆಳ್ಳಿಯ ಆರತಿ ತಟ್ಟೆ, ಒಂದು ಕೈಗಡಿಯಾರ ಹೋಗಿದ್ದವು. ಕಾಕೂ ಹಿಂದಿನ ಸಂಜೆಯೂ ದೀಪ ಹಚ್ಚಿದ್ದರು. ಒಳಕೋಣೆಯ ಕಪಾಟಿನ ಕಡೆ ಅವರು ಹೋದವರೇ ಅಲ್ಲ. ಪೋಲೀಸರು ಬಂದರು. ಮುಂದಿನ ಕೀಲಿ ಮುರಿದಿರಲಿಲ್ಲ. ಆದ್ದರಿಂದ ಅವರು ಕೇಳಿದ ಮೊದಲ ಪ್ರಶ್ನೆ ಸಹಜವಾದದ್ದೇ: ಕೀಲಿಕೈ ಇನ್ನಾರ ಹತ್ತಿರ ಇತ್ತು? ನಾವು, ಪಕ್ಕದ ಮನೆಯ ಕಾಕೂ ಹತ್ತಿರ, ಎಂದೆವು. ಅದು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಹೇಳಬೇಕಾಗಿದ್ದ ಇನ್ನೊಂದು ಮಾತನ್ನು ಹೇಳಲಿಲ್ಲ: ಅವರ ಮೇಲೆ ನಮಗೆ ಸಂಶಯವಿಲ್ಲ ಎಂಬ ಮಾತು. ಯಾಕೆ ಹೇಳಲಿಲ್ಲವೋ ಇಂದಿಗೂ ತಿಳಿಯದು. ಹೋದ ಬಂಗಾರದ ಮೇಲೆ ಮನಸ್ಸಿತ್ತು ಎನ್ನಬಹುದು. ಅಥವಾ ಒಂದು ಗಳಿಗೆ, ಒಂದೇ ಗಳಿಗೆ, ಸಂಶಯ ಬಂದೇ ಇತ್ತೋ ಏನೋ. ಪೋಲೀಸರು ಕಾಕೂನ್ನು ಗ್ಯಾಲರಿಯಲ್ಲಿ ನಿಲ್ಲಿಸಿ, ಆರೂ ಕದಗಳವರು ನೋಡುತ್ತಿದ್ದಂತೆ ಅರ್ಧ ತಾಸು ಪ್ರಶ್ನೆ ಕೇಳಿದರು. ಅವರ ಹನ್ನೊಂದು ವರ್ಷದ ಮಗ ತಾಯಿಯ ಸೆರಗು ಹಿಡಿದು ನಿಂತಿದ್ದ.

ಮೂರನೆಯ ದಿನ ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳು ಎರಡು ಇಲ್ಲದ್ದು ಕಣ್ಣಿಗೆ ಬಿತ್ತು. ಕಳ್ಳ ಹಿಂದಿನ ನೀರಿನ ಕೊಳವೆ ಹತ್ತಿ ಬಂದಿದ್ದ. ಹದಿನೈದು ದಿನಗಳ ಮೇಲೆ ಬೇರೆ ಗಲ್ಲಿಯಲ್ಲಿ ಸಿಕ್ಕಿಬಿದ್ದವನು ನಮ್ಮ ಮನೆಯದನ್ನೂ ಒಪ್ಪಿಕೊಂಡ. ಗಡಿಯಾರ ಮಾತ್ರ ಮರಳಿ ಬಂತು. ಅಷ್ಟರೊಳಗೆ ಕಾಕೂ ನಮ್ಮ ಕೀಲಿಕೈಯನ್ನು ಕಾಗದದಲ್ಲಿ ಸುತ್ತಿ ಮಗನ ಕೈಯಲ್ಲಿ ಕಳಿಸಿಬಿಟ್ಟಿದ್ದರು. ನಾವು ಹೋಗಿ, ತಪ್ಪಾಯಿತು ಎನ್ನಲಿಲ್ಲ. ಎಲ್ಲರಿಗೂ ಸತ್ಯ ಗೊತ್ತಾಯಿತಲ್ಲ ಎಂದುಕೊಂಡೆವು. ದೀಪಾವಳಿಗೆ ಫರಾಳದ ತಾಟು ಹೋಗುವುದು ಬರುವುದು ನಿಲ್ಲಲಿಲ್ಲ, ಸಂಕ್ರಾಂತಿಯ ಅರಿಶಿನ-ಕುಂಕುಮ ನಿಲ್ಲಲಿಲ್ಲ. ಕೀಲಿಕೈ ಮಾತ್ರ ಮತ್ತೆಂದೂ ಆ ಮನೆಗೆ ಹೋಗಲಿಲ್ಲ. 2011ರಲ್ಲಿ ಹಳೆಯ ಕಟ್ಟಡ ಬಿದ್ದು ಏಳು ಮಾಳಿಗೆಯ ಹೊಸದು ಎದ್ದಾಗ ಪಕ್ಕದ ಮನೆ ಎದುರುಮನೆಯಾಯಿತು. ನಡುವೆ ಎರಡು ಕಬ್ಬಿಣದ ಬಾಗಿಲು ಬಂದವು. 2016ರಲ್ಲಿ ಕಾಕೂ ತೀರಿಹೋದರು.

ಮತ್ತೆ ಪರೀಕ್ಷೆಯ ದಿನಕ್ಕೆ ಬರುತ್ತೇವೆ. ಉಳಿದದ್ದು ಭೋಂಗಾ ಒಂದೇ. ತಂತಿ ಸೇರಿಸಿ, ಯಾರಿಗೂ ಹೇಳದೆ, ಸಂಜೆ ನಾಲ್ಕಕ್ಕೆ ಕದ ತೆರೆದೆವು. ಭೋಂಗಾ ಬಾಯಿಬಿಟ್ಟದ್ದೇ ತಡ, ನಮ್ಮ ಕೈಯೊಳಗಿನ ರಿಮೋಟೇ ಜಾರಿ ಬಿತ್ತು. ಗಿರಣಿಯ ಭೋಂಗಾವನ್ನು ಮನೆಯೊಳಗೆ ತಂದಂತೆ! ಕೆಳಗಿನಿಂದ ವಾಚ್‌ಮನ್, "ಯಾರದೋ ಗಾಡಿ ಬಡಕೊಳ್ಳುತ್ತಿದೆ, ಬಂದ್ ಮಾಡಿ" ಎಂದು ಕೂಗಿದ. ಮೇಲಿನ ಮಾಳಿಗೆಯಲ್ಲಿ ಒಂದು ಕಿಟಕಿ ಟಪ್ಪೆಂದು ಮುಚ್ಚಿತು. ನಾವು ರಿಮೋಟು ಹುಡುಕುತ್ತ ಸೋಫಾದ ಕೆಳಗೆ ಬಗ್ಗಿದ್ದಾಗ ಎದುರುಮನೆಯ ಕಬ್ಬಿಣದ ಬಾಗಿಲು ತೆರೆದ ಸಪ್ಪಳವಾಯಿತು. ಕಾಕೂನ ಸೊಸೆ ಲಟ್ಟಣಿಗೆ ಹಿಡಿದುಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಮ್ಮ ಹೊಸ್ತಿಲಲ್ಲಿ ನಿಂತಿದ್ದಳು. "ಕಾಯ್ ಝಾಲಂ ಕಾಕಾ?"

ಭೋಂಗಾ ನಿಲ್ಲಿಸಿ, ಕೂಡಿಸಿ, ನೀರು ಕೊಟ್ಟು, ಎಲ್ಲ ತೋರಿಸಿದೆವು. ಅವಳು ಪೆಟ್ಟಿಗೆಯನ್ನು ಕುತೂಹಲದಿಂದ ನೋಡಿ, ಹೋಗುವಾಗ ಕದದ ಹತ್ತಿರ ನಿಂತು ಸಹಜವಾಗಿ ಒಂದು ಮಾತು ಹೇಳಿದಳು. "ಹಾಗಾದರೆ ಈ ವರ್ಷ ಕಾಗದ ತೆಗೆಯಬೇಕೋ ಬೇಡವೋ?"

ಯಾವ ಕಾಗದ, ಎಂದು ನಾವು ಕೇಳಿದೆವು.

"ನೀವು ಊರಿಗೆ ಹೋದಾಗ ನಿಮ್ಮ ಬಾಗಿಲಿಗೆ ಸಿಕ್ಕಿಸಿಹೋಗುವ ಜಾಹೀರಾತಿನ ಕಾಗದಗಳು. ಕ್ಲಾಸಿನದು, ಕೇಬಲಿನದು, ಪೆಸ್ಟ್ ಕಂಟ್ರೋಲಿನದು. ಕಾಗದ ಕೂಡಿತೆಂದರೆ ಮನೆಯಲ್ಲಿ ಯಾರಿಲ್ಲವೆಂದು ಕಳ್ಳರಿಗೆ ಗೊತ್ತಾಗುತ್ತದೆಂದು ಅತ್ತೆ ದಿನಾ ತೆಗೆಯುತ್ತಿದ್ದರು. ಕದದ ಮುಂದೆ ನಾಲ್ಕು ಎಳೆ ರಂಗೋಲಿಯನ್ನೂ ಹಾಕುತ್ತಿದ್ದರು. ಹಳೆಯ ಕಟ್ಟಡದಿಂದಲೂ ಹಾಗೇ. ಅವರು ಹೋದಮೇಲೆ ನಾನು ತೆಗೆಯುತ್ತೇನೆ. ನಿಮಗೆ ಗೊತ್ತಿರಲಿಲ್ಲವೇ?"

ನಮಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ತಿಂಗಳುಗಟ್ಟಲೆ ಮನೆ ಮುಚ್ಚಿ ಹೋಗಿ ಬಂದಾಗ ಕದದಲ್ಲಿ ಒಂದು ಚೂರು ಕಾಗದ ಇಲ್ಲದ್ದನ್ನು ನಾವು ಒಮ್ಮೆಯೂ ಗಮನಿಸಿರಲಿಲ್ಲ. ಇದ್ದದ್ದು ಕಣ್ಣಿಗೆ ಬೀಳುತ್ತದೆ, ಇಲ್ಲದ್ದು ಹೇಗೆ ಬಿದ್ದೀತು? ಮೂರು ಮೂರು ಕೀಲಿ ಹಾಕಿ, ಎರಡೆರಡು ಸಲ ಜಗ್ಗಿ ನಾವು ಹೋಗುತ್ತಿದ್ದೆವು. ಹೊರಗಿನಿಂದ ಮನೆ ಕಾಯುತ್ತಿದ್ದವರು ಯಾರ ಕೈಗೆ ಕೀಲಿಕೈ ಕೊಡಲಿಲ್ಲವೋ ಅವರೇ. ಸೊಸೆ ಹೋದಮೇಲೆ ನಮ್ಮ ಮನೆಯಾಕೆ ದೇವರ ಮುಂದೆ ಬಹಳ ಹೊತ್ತು ಕೂತಿದ್ದಳು.

ಆ ರಾತ್ರಿ ಕಾಕೂನ ಮಗ ಬ್ಯಾಂಕಿನಿಂದ ಮರಳಿದ ಮೇಲೆ ನಾವಿಬ್ಬರೂ ಅವರ ಮನೆಗೆ ಹೋದೆವು. ಸೆರಗು ಹಿಡಿದು ನಿಂತಿದ್ದ ಹುಡುಗನಿಗೆ ಈಗ ತಲೆ ನರೆತಿದೆ. ಗೋಡೆಯ ಮೇಲೆ ಕಾಕೂ ಫೋಟೋ, ಅದಕ್ಕೆ ಗಂಧದ ಹಾರ. 1987ರಲ್ಲಿ ಹೇಳಬೇಕಾಗಿದ್ದ ಮಾತನ್ನು ಹೇಳಿದೆವು. ನಿಮ್ಮ ಆಯಿಯ ಮೇಲೆ ಸಂಶಯವಿಲ್ಲವೆಂದು ನಾವು ಆ ದಿನ ಹೇಳಬೇಕಾಗಿತ್ತು, ಹೇಳಲಿಲ್ಲ, ನಮ್ಮದು ತಪ್ಪಾಯಿತು. ಅವನು ಸ್ವಲ್ಪ ಹೊತ್ತು ಫೋಟೋದ ಕಡೆ ನೋಡಿದ. "ಕಾಕಾ, ಆಯಿ ನಿಮ್ಮನ್ನು ಎಂದೂ ಬೈಯಲಿಲ್ಲ. ಆದರೆ ನೀವು ಬರುತ್ತೀರೆಂದು ಒಂದು ವಾರ ಕದ ತೆರೆದಿಟ್ಟುಕೊಂಡು ಕೂತಿದ್ದಳು" ಎಂದ.

ಪೆಟ್ಟಿಗೆಯಲ್ಲಿ ನಿನ್ನ ನಂಬರು ಹಾಕಲೇ ಎಂದು ಕೇಳಿದೆವು. ಹಾಕಿ ಎಂದ. ತಂದಿದ್ದ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟೆವು. ಅದನ್ನು ಅವನು ಮೆಲ್ಲಗೆ ನಮ್ಮ ಕಡೆ ಸರಿಸಿದ. "ಭೋಂಗಾ ಕೂಗಿದರೆ ನಡುರಾತ್ರಿಯಾದರೂ ಬಂದು ನೋಡುತ್ತೇನೆ. ಪೋಲೀಸರಿಗೆ ಹೇಳುತ್ತೇನೆ. ಕೀಲಿಕೈ ಮಾತ್ರ ನಿಮ್ಮ ಹತ್ತಿರವೇ ಇರಲಿ, ಕಾಕಾ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಒತ್ತಾಯ ಮಾಡುವ ಹಕ್ಕು ನಮಗಿಲ್ಲವೆಂದು ತಿಳಿದು ಎದ್ದು ಬಂದೆವು. ಯಂತ್ರದ ಒಂದು ಅನುಕೂಲ ಆ ರಾತ್ರಿ ಚೆನ್ನಾಗಿ ಅರ್ಥವಾಯಿತು. ಅದರ ಮೇಲೆ ಸಂಶಯಪಟ್ಟರೆ ಅದಕ್ಕೆ ನೋವಾಗುವುದಿಲ್ಲ. ಸೆಲ್ಲು ತೆಗೆದು ನೋಡಬಹುದು, ತಿರುವಿ ಹಚ್ಚಬಹುದು.

ಅವನ ನಂಬರನ್ನು ನಾಲ್ಕನೆಯ ಜಾಗದಲ್ಲಿ ಹಾಕಲಿಲ್ಲ. ಮಗನನ್ನು ಎರಡನೆಯದಕ್ಕೆ ಇಳಿಸಿ ಅವನನ್ನು ಒಂದನೆಯದಾಗಿ ಹಾಕಿದೆವು. ಮಗನಿಗೆ ಹೇಳಿದಾಗ, "ಛಲೋ ಆತು" ಎಂದಷ್ಟೇ ಅಂದ.

ಮೇ ತಿಂಗಳಲ್ಲಿ ದಾದರ-ಹುಬ್ಬಳ್ಳಿ ಗಾಡಿಗೆ ಕಲ್ಯಾಣದಲ್ಲಿ ಹತ್ತಿ ಧಾರವಾಡಕ್ಕೆ ಹೋದೆವು. ಎಂಟನೆಯ ದಿನ ರಾತ್ರಿ ಹನ್ನೊಂದಕ್ಕೆ ಪೆಟ್ಟಿಗೆಯಿಂದ ಸಂದೇಶ ಬಂತು: ಕರೆಂಟು ಹೋಗಿದೆ, ಬ್ಯಾಟರಿಯಲ್ಲಿ ನಡೆದಿದೆ. ಹತ್ತು ನಿಮಿಷಕ್ಕೆ ಎರಡನೆಯದು: ಅಡಿಗೆಮನೆಯ ಕಿಟಕಿ. ನಮ್ಮ ಎದೆ ಹೊಡೆದುಕೊಳ್ಳುತ್ತಿರುವಾಗಲೇ ಎದುರುಮನೆಯವನ ಫೋನು. "ಕಾಕಾ, ಇಲ್ಲಿ ದೊಡ್ಡ ಗಾಳಿ-ಮಳೆ. ಬ್ಯಾಟರಿ ಹಾಕಿಕೊಂಡು ನೋಡಿದೆ, ಕದ ಭದ್ರ ಇದೆ. ಕೆಳಗೆ ಹೋಗಿ ಹಿಂದಿನಿಂದಲೂ ನೋಡಿ ಬಂದೆ. ಕಿಟಕಿಯ ಗಾಜು ಗಾಳಿಗೆ ಸರಿದಿದೆ, ಗ್ರಿಲ್ಲು ಭದ್ರ ಇದೆ. ಭೋಂಗಾ ತಾನಾಗಿ ನಿಂತಿತು. ನೀವು ಮಲಗಿ." ಖಾರಘರದ ಮಗ ಫೋನು ಮಾಡಿದ್ದು ಅದಾದ ಮೇಲೆ.

ಈ ಸಲ ಊರಿಗೆ ಹೋಗುವವರು ಇಂಥ ಪೆಟ್ಟಿಗೆ ಕೊಳ್ಳುವುದಾದರೆ ನಮ್ಮ ಅನುಭವದ ನಾಲ್ಕು ಮಾತು ಕೇಳಬೇಕು. ಸಿಮ್ಮಿಗೆ ಹಣ ತುಂಬಿದ ಅವಧಿ ನೀವು ಮರಳಿ ಬರುವವರೆಗೆ ಇದೆಯೇ ನೋಡಿಕೊಳ್ಳಿ. ಅವಧಿ ಮುಗಿದರೆ ಪೆಟ್ಟಿಗೆ ಮೂಕ. ನಮ್ಮಂಥ ಹಳೆಯ ಬಗೆಯ 2ಜಿ ಪೆಟ್ಟಿಗೆಗೆ ಬರೀ 4ಜಿಯ ಸಿಮ್ಮು ನಡೆಯುವುದಿಲ್ಲ. ಹೊರಡುವ ಮುಂಚೆ ಕದದ ತುಂಡುಗಳ ಸೆಲ್ಲು ಬದಲಿಸಿ. ತಿಂಗಳಿಗೊಮ್ಮೆ ಎಲ್ಲವನ್ನೂ ಪರೀಕ್ಷಿಸಿ. ಮತ್ತು ನಂಬರು ತುಂಬುವಾಗ, ಆ ನಂಬರಿನವರು ನಿಮ್ಮ ಕದಕ್ಕೆ ಎಷ್ಟು ಹೊತ್ತಿನಲ್ಲಿ ಬಂದು ಮುಟ್ಟಬಲ್ಲರು ಎಂದು ಲೆಕ್ಕ ಹಾಕಿ.

ಜೂನ್ ಮೊದಲ ವಾರ ಮರಳಿ ಬಂದು ಲಿಫ್ಟಿನಿಂದ ಇಳಿದಾಗ, ಸಾಮಾನು ಕೆಳಗಿಡುವ ಮೊದಲೇ, ನಾವಿಬ್ಬರೂ ಕದದ ಕಡೆ ನೋಡಿದೆವು. ಸರಳಿನಲ್ಲಿ ಒಂದು ಕಾಗದವೂ ಇರಲಿಲ್ಲ. ಹೊಸ್ತಿಲ ಮುಂದೆ ನಾಲ್ಕು ಎಳೆ ರಂಗೋಲಿ ಇತ್ತು. ತಂದ ಪೇಢೆಯ ಡಬ್ಬಿಯನ್ನು ಮನೆಯ ಒಳಗೂ ಒಯ್ಯದೆ ಎದುರಿಗೇ ಕೊಟ್ಟೆವು. ಕೀಲಿಕೈ ಇನ್ನೂ ನಮ್ಮ ಹತ್ತಿರವೇ ಇದೆ. ದೀಪಾವಳಿಯ ಫರಾಳ ಒಯ್ಯುವಾಗ ಇನ್ನೊಮ್ಮೆ ಕೇಳಿ ನೋಡೋಣ ಎಂದು ನಮ್ಮ ಮನೆಯಾಕೆ ಅನ್ನುತ್ತಿದ್ದಾಳೆ.